ಸೂಲಗಿತ್ತಿಯರ ವಿದ್ಯೆ

ಕಳೆದ ಶತಮಾನದ ಬಹುಭಾಗ ಕರ್ನಾಟಕದ ಹಳ್ಳಿಗಳಲ್ಲಿ ಹೆರಿಗೆ ನಡೆಯುತ್ತಿದ್ದುದು ಮನೆಯೊಳಗೇ. ಅದರ ಹೊಣೆ ಹೊರುತ್ತಿದ್ದವಳು ಸೂಲಗಿತ್ತಿ. ಬೇನೆ ಹತ್ತಿದವಳ ಹೊಟ್ಟೆ ಮುಟ್ಟಿ ಕೂಸಿನ ತಲೆ ಎತ್ತ ತಿರುಗಿದೆಯೆಂದು ತಿಳಿಯುವುದರಿಂದ ಮೊದಲಾಗಿ, ಹೆರಿಗೆ ಮಾಡಿಸಿ, ಕೂಸಿಗೆ ಗರ್ಭದಲ್ಲಿ ಪೋಷಣೆ ಒದಗಿಸುವ ಅಂಗವಾದ ಮಾಸು ಪೂರ್ತಿ ಬಿದ್ದಿದೆಯೇ ಎಂದು ನೋಡಿ, ಮುಂದೆ ಕೆಲವು ದಿನ ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರು ಹಾಕುವವರೆಗಿನ ಕೆಲಸವೆಲ್ಲ ಅವಳ ಪಾಲಿನದಾಗಿತ್ತು. ಓದುಬರಹದ ಹಂಗಿಲ್ಲದ ಈ ವಿದ್ಯೆಯನ್ನು ಹಿರಿಯ ಹೆಂಗಸರ ಬೆನ್ನಹಿಂದೆ ಹೋಗಿ, ನೋಡಿ, ಕೈಯಾರೆ ಮಾಡಿಯೇ ಕಲಿಯಬೇಕಿತ್ತು. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಇದನ್ನು ಕಲಿತದ್ದು ತಮ್ಮ ಅಜ್ಜಿಯಿಂದ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರೆಂದು ಹೆಸರಾದ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಡಿಸೆಂಬರ್‌ 25ರಂದು, ತಮ್ಮ 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅಂಥ ಗೌರವ ಎಲ್ಲ ಸೂಲಗಿತ್ತಿಯರಿಗೂ ಒದಗಿದ್ದಲ್ಲ. ಹೆತ್ತ ಮನೆಗೆ ಕೆಲವು ದಿನ ತಟ್ಟುವ ಮೈಲಿಗೆಯನ್ನು ಪುರುಡು ಎನ್ನುತ್ತಾರೆ. ಹೊಕ್ಕುಳಬಳ್ಳಿ ಕೊಯ್ಯುವುದು, ನೆತ್ತರು ಬಳಿಯುವುದು, ಮಾಸನ್ನು ಹೂಳುವುದು ಇವೆಲ್ಲ ಆ ಮೈಲಿಗೆಯ ಕೆಲಸಗಳೆಂದು ಎಣಿಸಿದ್ದರಿಂದಲೇ ಅನೇಕ ಕಡೆ ಇವು ದಲಿತ ಹಾಗೂ ಅಲೆಮಾರಿ ಸಮುದಾಯಗಳ ಹೆಂಗಸರ ಪಾಲಿಗೆ ಬಂದವು. ಮೊರದ ತುಂಬ ಧಾನ್ಯ, ಎಲೆ ಅಡಿಕೆ, ಉಳ್ಳವರ ಮನೆಯಾದರೆ ಒಂದು ಸೀರೆ, ಇಷ್ಟೇ ಅವರ ಪ್ರತಿಫಲವಾಗಿತ್ತು. ಅವರ ಕೈಯ ಜಾಣ್ಮೆಯನ್ನು ಈಗ ಹೊಗಳುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಆ ವಿದ್ಯೆಯ ಹೆಚ್ಚುಗಾರಿಕೆ ಇದ್ದುದು ಅವಸರ ಮಾಡದಿರುವುದರಲ್ಲಿ. ಬೇನೆ ತಿನ್ನುವವಳನ್ನು ಅಂಗಾತ ಮಲಗಿಸದೆ ಓಡಾಡಿಸಿ, ಕುಕ್ಕುರುಗಾಲಲ್ಲೋ ಮಂಡಿಯೂರಿಯೋ ಕೂರಿಸಿ, ಹಿಂದಿನಿಂದ ಒಬ್ಬರು ಅಪ್ಪಿ ಹಿಡಿದು, ಸೊಂಟ ನೀವುತ್ತ ಹೆರಿಗೆ ಮಾಡಿಸುವುದು ವಾಡಿಕೆಯಾಗಿತ್ತು. ಕೂಸು ಹೊರಬಂದೊಡನೆ ಬಳ್ಳಿ ಕೊಯ್ಯದೆ, ಮಾಸು ಬೀಳುವವರೆಗೆ ಕಾಯುವ ಪದ್ಧತಿ ಭಾರತದ ಅನೇಕ ಕಡೆಯ ಸೂಲಗಿತ್ತಿಯರಲ್ಲಿತ್ತು. ಹುಟ್ಟಿದ ಮೇಲೆ ಕನಿಷ್ಠ ಒಂದು ನಿಮಿಷವಾದರೂ ಬಳ್ಳಿಯನ್ನು ಬಿಗಿಯಬಾರದು, ಆ ಅವಧಿಯಲ್ಲಿ ಹರಿದು ಬರುವ ರಕ್ತದಿಂದ ಕೂಸಿಗೆ ಕಬ್ಬಿಣಾಂಶ ದೊರೆಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಈಗ ಹೇಳುತ್ತದೆ. ಆದರೆ ಹಾಗೆ ಕಾದು ಬಳ್ಳಿ ಕೊಯ್ಯಲು ಬಳಸುತ್ತಿದ್ದ ಕುಡುಗೋಲು ಕುದಿನೀರು ಕಂಡಿರಬೇಕೆಂಬ ನಿಯಮವಿರಲಿಲ್ಲವಾದ್ದರಿಂದ ಧನುರ್ವಾಯುವಿಗೆ ತುತ್ತಾದ ಕೂಸುಗಳಿಗೂ, ನಂಜೇರಿ ಸತ್ತ ಬಾಣಂತಿಯರಿಗೂ ಕೊರತೆಯಿರಲಿಲ್ಲ. ಕೂಸು ಅಡ್ಡ ನಿಂತು ಕೈಗೆ ಬಾರದಿದ್ದಾಗ, ಹೆರಿಗೆಯ ಬಳಿಕ ರಕ್ತ ನಿಲ್ಲದಿದ್ದಾಗ ಎಂಥ ನುರಿತ ಸೂಲಗಿತ್ತಿಯೂ ಅಸಹಾಯಕಳಾಗುತ್ತಿದ್ದಳು.

ಬ್ರಿಟಿಷರ ಕಾಲದಲ್ಲೇ, 1903ರಲ್ಲಿ ವೈಸರಾಯ್‌ ಪತ್ನಿ ಲೇಡಿ ಕರ್ಜನ್‌ ಸ್ಥಾಪಿಸಿದ ವಿಕ್ಟೋರಿಯಾ ಸ್ಮಾರಕ ನಿಧಿಯಿಂದ ಇಂಥ ಹೆಂಗಸರಿಗೆ ತರಬೇತಿ ಕೊಡುವ ಯತ್ನ ನಡೆದಿತ್ತು. ಸ್ವಾತಂತ್ರ್ಯಾನಂತರವೂ ಅದು ಮುಂದುವರಿದು, ಕೈ, ಹಾಸು, ಬ್ಲೇಡು, ದಾರ, ಹೊಕ್ಕುಳು ಈ ಐದೂ ಶುಚಿಯಾಗಿರಬೇಕೆಂಬ ಪಾಠವನ್ನು ಅವರಿಗೆ ಕಲಿಸಲಾಯಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಾಗ ಸರ್ಕಾರದ ನೀತಿಯೇ ದಿಕ್ಕು ಬದಲಿಸಿತು: ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕೆಂದಾಯಿತು, ಅದಕ್ಕೆ ಪ್ರೋತ್ಸಾಹಧನ ದೊರೆಯಿತು, ಬಸುರಿಯನ್ನು ಕರೆದೊಯ್ಯುವ ಹೊಣೆ ಆಶಾ ಕಾರ್ಯಕರ್ತೆಯ ಹೆಗಲಿಗೇರಿತು, 2008ರಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್‌ ಓಡಾಡತೊಡಗಿತು. ಲಕ್ಷ ಜೀವಂತ ಜನನಗಳಿಗೆ ಎಷ್ಟು ತಾಯಂದಿರು ಸಾಯುತ್ತಾರೆಂಬುದನ್ನು ಹೇಳುವ ತಾಯಿ ಮರಣ ಪ್ರಮಾಣ ಕರ್ನಾಟಕದಲ್ಲಿ 2004–06ರಲ್ಲಿ 213 ಇದ್ದುದು 2018–20ರ ಹೊತ್ತಿಗೆ 69ಕ್ಕೆ ಇಳಿಯಿತು. ಈ ಇಳಿಕೆಯ ಮುಂದೆ ಮನೆಹೆರಿಗೆಗೆ ಮರಳಬೇಕೆಂಬ ವಾದ ನಿಲ್ಲುವಂಥದಲ್ಲ.

ಆಸ್ಪತ್ರೆ ಕೊಡಲಾರದೆ ಹೋದದ್ದು ಮೊದಲ ಬೇನೆಯಿಂದ ಕೊನೆಯವರೆಗೆ ಪಕ್ಕದಲ್ಲೇ ಇರುವ ಒಬ್ಬ ಬಲ್ಲವಳನ್ನು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ರಾಜ್ಯದ ಹೆರಿಗೆಗಳಲ್ಲಿ ಸುಮಾರು ಶೇ. 97ರಷ್ಟು ಆಸ್ಪತ್ರೆಗಳಲ್ಲಿ ಆಗುತ್ತಿದ್ದರೆ, ಒಟ್ಟು ಹೆರಿಗೆಗಳ ಮೂರರಲ್ಲೊಂದು ಪಾಲಿನಷ್ಟು ಸಿಸೇರಿಯನ್‌ ಆಗಿವೆ. ಕಾಯಲು ಪುರುಸೊತ್ತಿಲ್ಲದ ವ್ಯವಸ್ಥೆಯೂ ಇದಕ್ಕೊಂದು ಕಾರಣವಿರಬೇಕು. ಈ ಕೊರತೆಯನ್ನು ತುಂಬಲೆಂದೇ ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲಿ, ನರಸಮ್ಮ ತೀರಿಕೊಂಡ ತಿಂಗಳಲ್ಲೇ, ಸೂಲಗಿತ್ತಿ ಸೇವೆಗಳ ಮಾರ್ಗಸೂಚಿಯನ್ನು ಹೊರಡಿಸಿತು. ಸಹಜ ಹೆರಿಗೆಯನ್ನು ಸ್ವತಂತ್ರವಾಗಿ ಮಾಡಿಸಬಲ್ಲ ದಾದಿಯರಿಗೆ ಹದಿನೆಂಟು ತಿಂಗಳ ತರಬೇತಿ ಕೊಡುವುದು, ಬೇನೆಯ ವೇಳೆ ಬೇಕಾದ ಭಂಗಿಯಲ್ಲಿರಲು, ಒಡನಾಡಿಯೊಬ್ಬಳನ್ನು ಜೊತೆಗಿರಿಸಿಕೊಳ್ಳಲು ಬಸುರಿಗೆ ಅವಕಾಶ ಕೊಡುವುದು ಅದರ ತಿರುಳು. ತರಬೇತಿಗೆ ಸೇರಲು ನರ್ಸಿಂಗ್‌ ಪದವಿ ಅಥವಾ ಡಿಪ್ಲೊಮಾ ಬೇಕಾದ್ದರಿಂದ ಹಳ್ಳಿಯ ಸೂಲಗಿತ್ತಿಯರಿಗೆ ಇಲ್ಲಿ ಕಲಿಯುವವರಾಗಿ ಪ್ರವೇಶವಿಲ್ಲ. ಅವರಲ್ಲಿ ಉಳಿದಿರುವ ಕೆಲವರನ್ನು ಕಲಿಸುವವರಾಗಿ ಕರೆಯಲು ಮಾತ್ರ ಯಾವ ಪದವಿಯೂ ಅಡ್ಡ ಬರಬೇಕಿಲ್ಲ.