ಶರಭನನ್ನು ನೋಡದ ಪೋಸ್ಟರ್

ಮೈಸೂರ್ ಸ್ಯಾಂಡಲ್ ಸೋಪನ್ನು ವರ್ಷಗಟ್ಟಲೆ ಬಳಸಿದವರನ್ನೂ ಪೆಟ್ಟಿಗೆಯ ಮೇಲಿರುವ ಪ್ರಾಣಿ ಯಾವುದೆಂದು ಕೇಳಿದರೆ ತಡವರಿಸುತ್ತಾರೆ. ಸಿಂಹವೆಂದು ಕೆಲವರು, ಆನೆಯೆಂದು ಕೆಲವರು ಹೇಳುತ್ತಾರೆ. ಎರಡೂ ಅರ್ಧ ಸರಿ. ಸಿಂಹದ ಮೈಗೆ ಆನೆಯ ಸೊಂಡಿಲು ಕೂಡಿದ ಅದು ಶರಭ. ಆನೆಯ ವಿವೇಕ, ಸಿಂಹದ ಧೈರ್ಯ ಎರಡೂ ಸೇರಿದ ಸಂಕೇತವೆಂಬ ವಿವರಣೆ ಅದಕ್ಕಿದೆ. ಸೋಪಿನ ಪೆಟ್ಟಿಗೆಯಲ್ಲಿ ಇದಕ್ಕಿಂತ ವಿಚಿತ್ರವಾದ, ಕಥೆ ತುಂಬಿದ ಇನ್ನೊಂದು ಗುರುತು ನಮ್ಮ ಕಿರಾಣಿ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಆದರೂ ಇದೇ ಸೋಪಿಗೆ ಹೊಸ ಜಾಹೀರಾತು ಮಾಡಿ ಎಂದು ಡಿಸೈನ್ ತರಗತಿಯಲ್ಲಿ ಬ್ರೀಫ್ ಕೊಟ್ಟರೆ, ಸಾಮಾನ್ಯವಾಗಿ ಬರುವ ಪೋಸ್ಟರಿನಲ್ಲಿ ಒಬ್ಬ ಚೆಲುವೆ, ಒಂದಿಷ್ಟು ನೊರೆ, ಚಿನ್ನದ ಬಣ್ಣದ ಹಿನ್ನೆಲೆ ಮತ್ತು ಪರಂಪರೆ ಎಂಬ ಅರ್ಥದ ಒಂದು ಇಂಗ್ಲಿಷ್ ಪದ ಇರುತ್ತವೆ. ಶರಭ ಮೂಲೆಯ ಲೋಗೋದಲ್ಲಿ ಬೆರಳುಗುರಿನಷ್ಟಾಗಿ ಉಳಿದಿರುತ್ತದೆ. ಪೋಸ್ಟರ್ ಚಂದವಾಗಿಯೇ ಇರುತ್ತದೆ. ಆದರೆ ಹೆಸರನ್ನು ಅಳಿಸಿ ಬೇರೆ ಯಾವ ಸೋಪಿನ ಹೆಸರು ಬರೆದರೂ ಅದು ಹಾಗೆಯೇ ನಡೆದುಬಿಡುತ್ತದೆ. ನನ್ನ ಮಟ್ಟಿಗೆ ಆ ಪೋಸ್ಟರ್ ಸೋತದ್ದು ಅಲ್ಲಿಯೇ.

ಬ್ರೀಫ್ ಎಂದರೆ ಒಂದೆರಡು ಹಾಳೆ. ಸರಕು ಏನು, ಕೊಳ್ಳುವವರು ಯಾರು, ಎದುರಾಳಿ ಯಾರು, ಹೇಳಬೇಕಾದ ಒಂದೇ ಒಂದು ಮಾತು ಯಾವುದು, ಹೋರ್ಡಿಂಗೋ ಪತ್ರಿಕೆಯೋ ರೀಲೋ ಎಂಬಿಷ್ಟು ಅದರಲ್ಲಿರುತ್ತದೆ. ಅನ್ವಯಿಕ ಕಲೆ ಅಥವಾ ಗ್ರಾಫಿಕ್ ಡಿಸೈನ್ ಓದುವ ವಿದ್ಯಾರ್ಥಿ ಅದನ್ನು ಕೈಗೆತ್ತಿಕೊಂಡ ಸಂಜೆಯೇ ಮೂಡ್‌ಬೋರ್ಡ್ ಶುರುವಾಗುತ್ತದೆ. ಬೇರೆಯವರು ಮಾಡಿದ ಚಂದದ ಕೆಲಸಗಳನ್ನು ಅಂತರ್ಜಾಲದಿಂದ ಆರಿಸಿ ಒಂದೆಡೆ ಅಂಟಿಸುವುದು, ಅದರಿಂದ ಬಣ್ಣ ಎತ್ತಿಕೊಳ್ಳುವುದು, ಅಕ್ಷರ ಶೈಲಿ ಹುಡುಕುವುದು, ಕೊನೆಗೆ ಬಸ್ ನಿಲ್ದಾಣದ ಮಾಕಪ್ಪಿಗೆ ಕೂರಿಸುವುದು. ಈ ದಾರಿಯಲ್ಲಿ ಸರಕನ್ನು ಕೈಯಲ್ಲಿ ಹಿಡಿದು ನೋಡುವ ಗಳಿಗೆ ಬರುವುದೇ ಇಲ್ಲ. ಜಾಹೀರಾತಿನ ಕಲ್ಪನೆ ಕಲಾವಿದನ ತಲೆಯೊಳಗಿಂದ ಹೊರಬರುವ ಹೊಳಹು ಎಂಬ ನಂಬಿಕೆ ನಮ್ಮ ಕಲಿಕೆಯಲ್ಲಿ ಬೇರೂರಿದೆ. ಕಲ್ಪನೆ ಬಹುಪಾಲು ಸರಕಿನಲ್ಲಿ ಮತ್ತು ಅದನ್ನು ಬಳಸುವವರ ಮನೆಯಲ್ಲಿ ಆಗಲೇ ಇರುತ್ತದೆ. ವಿದ್ಯಾರ್ಥಿಯ ಮೊದಲ ಕೆಲಸ ಅದನ್ನು ಪತ್ತೆಹಚ್ಚುವುದು, ಚಿತ್ರ ಬಿಡಿಸುವುದು ಆಮೇಲಿನ ಮಾತು. ನಾನು ಇಲ್ಲಿ ವಾದಿಸುವುದು ಇಷ್ಟನ್ನೇ, ಅದಕ್ಕೆ ಈ ಸೋಪಿಗಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುತ್ತಿಲ್ಲ.

ಇದರ ಚರಿತ್ರೆ ಗೊತ್ತಿರುವುದೇ. 1914ರಲ್ಲಿ ಮಹಾಯುದ್ಧ ಶುರುವಾಗಿ ಯುರೋಪಿಗೆ ಹೋಗುತ್ತಿದ್ದ ಶ್ರೀಗಂಧದ ಕೊರಡುಗಳು ಮೈಸೂರು ಸಂಸ್ಥಾನದಲ್ಲೇ ರಾಶಿ ಬಿದ್ದವು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲಿಯೇ ಎಣ್ಣೆ ಬಟ್ಟಿ ಇಳಿಸಿ ತೋರಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರು, ವಿಶ್ವೇಶ್ವರಯ್ಯ ದಿವಾನರು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಬಂತು. ಎಣ್ಣೆಯಿಂದ ಸೋಪಿಗೆ ಬಂದದ್ದು 1918ರಲ್ಲಿ. ಅದರ ತಂತ್ರ ಕಲಿಯಲು ಲಂಡನ್ನಿಗೆ ಹೋಗಿ ಬಂದವರು ಸೋಸಲೆ ಗರಳಪುರಿ ಶಾಸ್ತ್ರಿ, ಜನ ಪ್ರೀತಿಯಿಂದ ಕರೆದ ಸೋಪ್ ಶಾಸ್ತ್ರಿ. ಇಲ್ಲಿಂದ ಮುಂದಿನದು ಡಿಸೈನ್ ವಿದ್ಯಾರ್ಥಿ ಬಿಡದೆ ಓದಬೇಕಾದ ಭಾಗ. ಸೋಪುಗಳೆಲ್ಲ ಇಟ್ಟಿಗೆಯ ಹಾಗೆ ಆಯತಾಕಾರದಲ್ಲಿದ್ದ ಕಾಲದಲ್ಲಿ ಇದಕ್ಕೆ ಮೊಟ್ಟೆಯಂಥ ದುಂಡನೆಯ ಆಕಾರ ಬಂತು. ಅದನ್ನು ತೆಳು ಕಾಗದದಲ್ಲಿ ಸುತ್ತಿ, ಒಡವೆ ಅಂಗಡಿಯವರು ಒಡವೆಯನ್ನಿಡುವಂಥ ಪೆಟ್ಟಿಗೆಯಲ್ಲಿ ಕೂರಿಸಿದರು. ಹೂಬಳ್ಳಿಯ ಅಂಚು ಬಂತು, ಶರಭ ಬಂತು. ಒಂದು ಸಾಲಿನ ಜಾಹೀರಾತೂ ಬರೆಯುವ ಮೊದಲೇ ಒಂದು ಪೂರ್ಣ ಜಾಹೀರಾತು ಸಿದ್ಧವಾಗಿತ್ತು: ಒಳಗಿರುವುದು ಮೈ ತೊಳೆಯುವ ಸಾಮಾನಲ್ಲ, ಜೋಪಾನ ಮಾಡಬೇಕಾದ ಬೆಲೆಬಾಳುವ ವಸ್ತು. ಆ ಮಾತು ಎಲ್ಲಿಂದಲೋ ತಂದು ಮೆತ್ತಿದ್ದಲ್ಲ. ಗಂಧದ ಮರ ಸಂಸ್ಥಾನದಲ್ಲಿ ಯಾರ ಹೊಲದಲ್ಲಿ ಬೆಳೆದರೂ ಸರ್ಕಾರದ ಸೊತ್ತಾಗಿತ್ತು, ಅದರ ಎಣ್ಣೆ ನಿಜವಾಗಿಯೂ ಬೆಲೆಬಾಳುತ್ತಿತ್ತು. ಆಕಾರ, ಪೆಟ್ಟಿಗೆ, ಗುರುತು ಮೂರೂ ಆ ಒಂದು ನಿಜದಿಂದಲೇ ಹುಟ್ಟಿದವು. ಆಮೇಲೆ ಟ್ರ್ಯಾಮ್ ಟಿಕೆಟ್ಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಜಾಹೀರಾತು ಹಾಕಿದರೆಂದೂ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ಮಾಡಿಸಿದರೆಂದೂ ಈ ಸೋಪಿನ ಕಥೆ ಹೇಳುವವರು ತಪ್ಪದೆ ಹೇಳುತ್ತಾರೆ. ಒಂಟೆಯ ಮೆರವಣಿಗೆ ಎಲ್ಲರಿಗೂ ನೆನಪಿರುತ್ತದೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಆ ಪೆಟ್ಟಿಗೆ.

ಶರಭನ ವಿಷಯವನ್ನು ಇನ್ನೂ ಸ್ವಲ್ಪ ಬೆಳೆಸಲೇಬೇಕು. ಪುರಾಣದ ಶರಭ ಹಿರಣ್ಯಕಶಿಪುವಿನ ಕಥೆಯ ಮುಂದುವರಿಕೆಯಲ್ಲಿ ಬರುತ್ತದೆ. ಉಗ್ರನಾದ ನರಸಿಂಹನನ್ನು ಶಾಂತಗೊಳಿಸಲು ಶಿವ ತಾಳಿದ ರೂಪ ಅದು. ಸಂಸ್ಕೃತ ಕಾವ್ಯಗಳ ಶರಭಕ್ಕೆ ಎಂಟು ಕಾಲು, ಸಿಂಹವನ್ನೂ ಆನೆಯನ್ನೂ ಮೀರಿಸುವ ಬಲ. ಸೋಪಿನ ಮೇಲಿನದು ಆ ಭಯಂಕರ ಮೃಗವಲ್ಲ, ನಮ್ಮ ದೇವಸ್ಥಾನಗಳ ಕಂಬಗಳಲ್ಲಿ ಕಾಣುವ ಸೊಂಡಿಲುಳ್ಳ ಸಿಂಹಗಳ ಬಳಗಕ್ಕೆ ಸೇರಿದ್ದು. ಇನ್ನೂ ಸೋಜಿಗವೆಂದರೆ ಕರ್ನಾಟಕ ಸರ್ಕಾರದ ಲಾಂಛನದಲ್ಲೂ ಅದೇ ಇದೆ. ನಡುವೆ ಗುರಾಣಿಯ ಮೇಲೆ ಮೈಸೂರು ಅರಸರ ಗಂಡಭೇರುಂಡ, ಎಡಬಲದಲ್ಲಿ ಅದನ್ನು ಕಾಯುತ್ತ ನಿಂತ ಎರಡು ಶರಭಗಳು. ಜಾತಿ ಪ್ರಮಾಣಪತ್ರದಿಂದ ಹಿಡಿದು ಅಂಕಪಟ್ಟಿಯವರೆಗೆ ಆ ಲಾಂಛನ ನಮ್ಮ ಕಣ್ಣ ಮುಂದೆ ಬಂದುಹೋಗುತ್ತದೆ. ರಾಜ್ಯದ ಗುರುತನ್ನು ಕಾಯುವ ಪ್ರಾಣಿಯೇ ಬಚ್ಚಲುಮನೆಯ ಗೂಡಿನಲ್ಲೂ ಕೂತಿದೆ ಎಂಬುದನ್ನು ಯಾವ ವಿದ್ಯಾರ್ಥಿ ಗಮನಿಸುತ್ತಾನೋ ಅವನ ಕೈಗೆ ಇಡೀ ಒಂದು ಕ್ಯಾಂಪೇನ್ ಬಂದ ಹಾಗೆ. ಕಾವಲುಗಾರನಾಗಿ ಶರಭ, ನಕಲಿ ಗಂಧವನ್ನು ಮೂಸಿ ಹಿಡಿಯುವ ಸೊಂಡಿಲಿನ ಶರಭ, ಎಂಟು ಹೋರ್ಡಿಂಗುಗಳಲ್ಲಿ ಎಂಟು ಕಡೆ ಪಹರೆ ನಿಂತ ಶರಭ. ವಾಸನೆಯ ಸೋಪಿಗೆ ಸೊಂಡಿಲಿನ ಪ್ರಾಣಿ! ಇಷ್ಟು ಹೊಂದುವ ಗುರುತು ಕೈಯಲ್ಲಿದ್ದೂ ಅದನ್ನು ಮೂಲೆಗೆ ಒತ್ತುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಇದು ಒಂದು ಸೋಪಿನ ಅದೃಷ್ಟ ಮಾತ್ರವಲ್ಲ ಎನ್ನಲು ಹೊರಗಿನ ಉದಾಹರಣೆಗಳು ಬೇಕು. ಅಮೆರಿಕದ ಕ್ಲಾಡ್ ಹಾಪ್ಕಿನ್ಸ್ ಶ್ಲಿಟ್ಜ್ ಬಿಯರಿಗೆ ಜಾಹೀರಾತು ಬರೆಯುವ ಮೊದಲು ಮಿಲ್ವಾಕಿಯ ಭಟ್ಟಿಯನ್ನು ಸುತ್ತಿ ನೋಡಿದ. ಶೋಧಿಸಿದ ಗಾಳಿ ತುಂಬಿದ ಗಾಜಿನ ಕೋಣೆಗಳು, ನಾಲ್ಕು ಸಲ ತೊಳೆಯುವ ಬಾಟಲಿಗಳು, ನೆಲದಾಳದಿಂದ ತೆಗೆದ ನೀರು ಅವನನ್ನು ಬೆರಗುಗೊಳಿಸಿದವು. ಇದನ್ನೇಕೆ ಯಾರಿಗೂ ಹೇಳಿಲ್ಲ ಎಂದು ಕೇಳಿದಾಗ, ಎಲ್ಲ ಕಂಪನಿಗಳೂ ಹೀಗೇ ಮಾಡುತ್ತವಲ್ಲ ಎಂಬ ಉತ್ತರ ಬಂತು. ಹಾಪ್ಕಿನ್ಸ್ ಅದನ್ನೇ ಬರೆದ. ಐದನೆಯ ಸ್ಥಾನದಲ್ಲಿದ್ದ ಬಿಯರು ಕೆಲವೇ ತಿಂಗಳಲ್ಲಿ ಮೊದಲನೆಯದಕ್ಕೆ ಸರಿಸಮವಾಯಿತು ಎಂದು 1927ರ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ. ತನ್ನ ಗೆಲುವಿನ ಲೆಕ್ಕವನ್ನು ತಾನೇ ಬರೆದದ್ದರಿಂದ ಅದನ್ನು ತುಸು ತಗ್ಗಿಸಿ ಓದಬೇಕು, ಆದರೆ ಭಟ್ಟಿಗೆ ಹೋದ ನಡೆಯನ್ನು ತಗ್ಗಿಸುವಂತಿಲ್ಲ. 1960ರ ಫೋಕ್ಸ್‌ವ್ಯಾಗನ್ ಜಾಹೀರಾತು ಇದಕ್ಕಿಂತ ಪ್ರಸಿದ್ಧ. ಹೆಲ್ಮುಟ್ ಕ್ರೋನ್ ಮತ್ತು ಜೂಲಿಯನ್ ಕೋನಿಗ್ ಹೆಸರಿಗೆ ಅಂಟಿಕೊಂಡಿರುವ ಆ ಕೆಲಸದಲ್ಲಿ ಒಂದು ಕಾರಿನ ಚಿತ್ರ, ಅದರ ಕೆಳಗೆ ಕೆಟ್ಟ ಸರಕು ಎಂಬ ಅರ್ಥದ ಒಂದೇ ಪದ. ಗ್ಲವ್ ಬಾಕ್ಸಿನ ಮೇಲಿನ ಲೋಹದ ಪಟ್ಟಿಯಲ್ಲಿ ಸಣ್ಣ ಕಲೆಯಿದ್ದ ಕಾರಣಕ್ಕೆ ಆ ಕಾರನ್ನು ತಡೆಹಿಡಿಯಲಾಗಿತ್ತು. ವೋಲ್ಫ್ಸ್‌ಬರ್ಗ್ ಕಾರ್ಖಾನೆಯಲ್ಲಿ ದಿನಕ್ಕೆ 3,000 ಕಾರು ತಯಾರಾಗುತ್ತವೆ, ಪರೀಕ್ಷಕರು 3,389 ಮಂದಿ ಎಂದು ಅದರಲ್ಲಿತ್ತು. ಕಾರಿಗಿಂತ ಪರೀಕ್ಷಕರೇ ಹೆಚ್ಚು! ಮೇಜಿನ ಮುಂದೆ ಕೂತು ಯೋಚಿಸಿದರೆ ಈ ಅಂಕಿ ಯಾರಿಗೂ ಹೊಳೆಯದು. ಕಾರ್ಖಾನೆಯನ್ನು ತಿಳಿದವರಿಗಷ್ಟೇ ಅದು ಸಿಕ್ಕೀತು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಬಿಯರು, ಕಾರುಗಳ ಕಾಲ ಹೋಯಿತು. ಇವತ್ತಿನ ಸರಕುಗಳೆಲ್ಲ ಒಂದೇ ಥರ, ಜನ ಕೊಳ್ಳುವುದು ಭಾವನೆಯನ್ನು, ಕಾರ್ಖಾನೆಯ ವಿವರವನ್ನಲ್ಲ ಎನ್ನುತ್ತಾರೆ. ಲಿರಿಲ್‌ನ ಉದಾಹರಣೆ ಕೊಡುತ್ತಾರೆ: 1970ರ ದಶಕದಲ್ಲಿ ಕೊಡೈಕೆನಾಲಿನ ಜಲಪಾತದ ಕೆಳಗೆ ಕುಣಿದ ಹುಡುಗಿ ಸೋಪಿನ ಬಗ್ಗೆ ಏನನ್ನೂ ಹೇಳಲಿಲ್ಲ, ಆದರೂ ದೇಶವೆಲ್ಲ ಆ ಸೋಪನ್ನು ಕೊಂಡಿತು. ಆದರೆ ಆ ಜಾಹೀರಾತಿನ ಹಿಂದಿದ್ದ ಅಲೀಕ್ ಪದಂಸೀ ಅದರ ಮೂಲವನ್ನು ಹೇಳಿದ್ದಾರೆ. ಗೃಹಿಣಿಯರನ್ನು ಮಾತಾಡಿಸಿದಾಗ, ದಿನವಿಡೀ ಅತ್ತೆ, ಗಂಡ, ಮಕ್ಕಳ ನಡುವೆ ಕಳೆಯುವ ಹೆಂಗಸಿಗೆ ತನ್ನದೆನ್ನುವ ಹೊತ್ತು ಸ್ನಾನದ ಹತ್ತು ನಿಮಿಷ ಮಾತ್ರ ಎಂಬುದು ತಿಳಿದುಬಂತು. ಜಲಪಾತ ಆ ಹತ್ತು ನಿಮಿಷದ ಕನಸು. ಅಂದರೆ ಭಾವನೆಯೂ ಪತ್ತೆಯೇ. ಅದನ್ನು ಕಾರ್ಖಾನೆಯಲ್ಲಿ ಹುಡುಕಲಿಲ್ಲ, ಬಚ್ಚಲಿನ ಬಾಗಿಲಲ್ಲಿ ಹುಡುಕಿದರು. ಸರಕಿನಲ್ಲಿ ಸಿಗದಿದ್ದರೆ ಬಳಸುವವರ ಬದುಕಿನಲ್ಲಿ ಸಿಗುತ್ತದೆ. ಸಿಗದ ಜಾಗ ಒಂದೇ, ಬೇರೆಯವರ ಪೋಸ್ಟರುಗಳನ್ನು ಅಂಟಿಸಿದ ಮೂಡ್‌ಬೋರ್ಡ್.

ಎರಡನೆಯ ಆಕ್ಷೇಪ ನನ್ನ ಉದಾಹರಣೆಗೇ ಸಂಬಂಧಿಸಿದ್ದು. ಮಹಾರಾಜರ ಕಾಲದ ಕಥೆ ಹೇಳಿದರೆ ಇಪ್ಪತ್ತರ ಹುಡುಗ ಹುಡುಗಿಯರು ಅಜ್ಜಿಯ ಸೋಪೆಂದು ಬದಿಗಿಡುತ್ತಾರೆ, ಅಲ್ಲವೇ? ಖಂಡಿತ. ಇತಿಹಾಸವನ್ನು ಹಾಗೆಯೇ ಪೋಸ್ಟರಿಗೆ ಏರಿಸುವುದು ಕಲ್ಪನೆಯಲ್ಲ. ಅರಮನೆಯ ಕಮಾನು, ಪೇಟದ ಚಿತ್ರ ಹಾಕುವುದು ಚಿನ್ನದ ಹಿನ್ನೆಲೆಯಷ್ಟೇ ಸೋಮಾರಿ ಕೆಲಸ. ಪತ್ತೆ ಮಾಡಿದ್ದರಲ್ಲಿ ಇವತ್ತಿನವರಿಗೆ ತಾಗುವುದು ಯಾವುದೆಂದು ಆರಿಸುವಲ್ಲಿ ವಿದ್ಯಾರ್ಥಿಯ ಬುದ್ಧಿ ಬೇಕು. ಗಂಧದ ಮರವನ್ನೇ ತೆಗೆದುಕೊಳ್ಳಿ. ಅದು ಅರೆಪರಾವಲಂಬಿ, ಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಕೂಡಿಸಿಕೊಂಡು ಬದುಕುತ್ತದೆ, ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಪರಿಮಳ ಇರುವುದು ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಆದ್ದರಿಂದ ಈ ಮರವನ್ನು ಕಡಿಯುವುದಿಲ್ಲ, ಬೇರುಸಹಿತ ಕೀಳುತ್ತಾರೆ. ಚೇಗು ಬಲಿಯಲು ದಶಕಗಳು ಬೇಕು. ಗೆಳೆಯರ ಗುಂಪಿಲ್ಲದೆ ಬದುಕದ ವಯಸ್ಸಿನವರಿಗೆ, ನೆರೆಯವರಿಲ್ಲದೆ ಬೆಳೆಯದ ಮರದ ಸೋಪು ಎಂಬ ಮಾತು ತಾಗದೇ ಇದ್ದೀತೆ? ಅಥವಾ ನಮ್ಮ ಮನೆಗಳ ರೂಢಿಯನ್ನು ನೋಡಿ. ಒಡೆಯದ ಸೋಪನ್ನು, ಕಡೆಗೆ ಖಾಲಿ ಪೆಟ್ಟಿಗೆಯನ್ನಾದರೂ, ಬೀರುವಿನಲ್ಲಿ ಸೀರೆಗಳ ನಡುವೆ ಇಡುತ್ತಾರೆ. ನೀರು ಸೋಕುವ ಮೊದಲೇ ಕೆಲಸ ಶುರುಮಾಡುವ ಸೋಪು! ಇದೊಂದೇ ನೋಟ ಸಾಕು, ಹಾಸ್ಟೆಲಿನ ಟ್ರಂಕು, ಜಿಮ್ಮಿನ ಚೀಲ, ಬಸ್ಸಿನ ಬ್ಯಾಗುಗಳಲ್ಲಿ ಅದನ್ನು ಇಟ್ಟು ಹತ್ತು ಜಾಹೀರಾತು ಮಾಡಬಹುದು. ಅರಮನೆಯ ಹಂಗೇ ಬೇಕಿಲ್ಲ.

ಇನ್ನು ತಾರೆಯರ ವಾದ. 2006ರಲ್ಲಿ ಮಹೇಂದ್ರ ಸಿಂಗ್ ಧೋನಿ ಈ ಸೋಪಿನ ರಾಯಭಾರಿಯಾದರು. 2025ರ ಮೇ ತಿಂಗಳಲ್ಲಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ನೇಮಿಸಿದಾಗ ಕನ್ನಡದ ನಟಿಯರಿರಲಿಲ್ಲವೇ ಎಂಬ ಗದ್ದಲ ಎದ್ದಿತು. ಹೊರ ರಾಜ್ಯಗಳ ಮಾರುಕಟ್ಟೆ ಹಿಡಿಯಬೇಕಾಗಿದೆ ಎಂದು ಸಚಿವ ಎಂ.ಬಿ. ಪಾಟೀಲರು ಉತ್ತರಿಸಿದರು. ಪರಿಚಿತ ಮುಖ ಕಂಡರೆ ಕಣ್ಣು ಒಂದು ಕ್ಷಣ ನಿಲ್ಲುತ್ತದೆ, ದೂರದ ಊರಿನ ಅಂಗಡಿಯವನು ಸರಕು ಇಟ್ಟುಕೊಳ್ಳಲು ಒಪ್ಪುತ್ತಾನೆ. ವ್ಯಾಪಾರದ ದೃಷ್ಟಿಯಿಂದ ಆ ಉತ್ತರವನ್ನು ತಳ್ಳಿಹಾಕಲಾಗದು. ಆದರೆ ಆ ಗದ್ದಲದಲ್ಲಿ ಯಾವ ಮುಖ ಎಂಬ ಪ್ರಶ್ನೆಯೇ ತುಂಬಿಕೊಂಡಿತು, ಆ ಮುಖ ಏನನ್ನು ಹೇಳಬೇಕು ಎಂದು ಕೇಳಿದವರು ಕಡಿಮೆ. ಕಣ್ಣು ನಿಂತ ಮೇಲೆ ಅದಕ್ಕೆ ಏನಾದರೂ ಸಿಗಬೇಕು. ಅದನ್ನು ಒದಗಿಸುವುದು ಕಲ್ಪನೆಯ ಕೆಲಸ, ಒಪ್ಪಂದದ ಅವಧಿ ಮುಗಿದ ಮೇಲೂ ಅದು ಉಳಿಯುತ್ತದೆ. ವಿದ್ಯಾರ್ಥಿಗೆ ಒಂದು ಅನುಕೂಲವಿದೆ: ಅವನ ಬ್ರೀಫಿನಲ್ಲಿ ತಾರೆಗೆ ಕೊಡಲು ಹಣವಿಲ್ಲ. ಅದನ್ನು ಅವನು ಕೊರತೆಯೆಂದು ಎಣಿಸದೆ ಬಳಸಿಕೊಳ್ಳಬೇಕು.

ಮೇಷ್ಟ್ರುಗಳು ಹೇಳುವ ಕಷ್ಟವೂ ನಿಜ. ಸೆಮಿಸ್ಟರಿನಲ್ಲಿ ಒಂದು ಕ್ಯಾಂಪೇನಿಗೆ ಸಿಗುವುದು ಕೆಲವೇ ವಾರ, ಕಾರ್ಖಾನೆಯ ಗೇಟು ವಿದ್ಯಾರ್ಥಿಗೆ ಸುಲಭಕ್ಕೆ ತೆರೆಯುವುದಿಲ್ಲ, ಕೆಲಸ ಕೊಡುವ ಏಜೆನ್ಸಿಗಳು ನೋಡುವುದು ಪೋರ್ಟ್‌ಫೋಲಿಯೋದ ನುಣುಪನ್ನು. ಆದರೆ ಪೆಟ್ಟಿಗೆಯನ್ನು ತಿರುಗಿಸಿ ನೋಡಲು, ಬಡಾವಣೆಯ ಅಂಗಡಿಯವನ ಹತ್ತಿರ ಯಾರು ಏನು ಕೇಳಿ ಕೊಳ್ಳುತ್ತಾರೆಂದು ವಿಚಾರಿಸಲು, ಮನೆಯ ಹಿರಿಯರ ಬೀರು ತೆರೆಯಲು ಯಾವ ಗೇಟ್‌ಪಾಸೂ ಬೇಡ. ನುಣುಪಿನ ಮಾತಂತೂ ಬದಲಾಗಿಹೋಗಿದೆ. ನಾಲ್ಕು ಪದ ಬರೆದುಕೊಟ್ಟರೆ ಯಂತ್ರವೇ ನೊರೆ, ಚೆಲುವೆ, ಚಿನ್ನದ ಬೆಳಕು ಎಲ್ಲವನ್ನೂ ನಿಮಿಷದಲ್ಲಿ ಚಿತ್ರಿಸಿಕೊಡುವಾಗ ಮಾಕಪ್ಪಿನ ಚೆಲುವಿಗೆ ಅಂಕ ಕೊಡುವುದರಲ್ಲಿ ಏನರ್ಥ? ಬೀರುವಿನ ಸೀರೆಗಳ ನಡುವೆ ಸೋಪು ಯಾಕಿದೆಯೆಂದು ಆ ಯಂತ್ರ ಯಾರನ್ನೂ ಹೋಗಿ ಕೇಳಿಬರುವುದಿಲ್ಲ. ಆದ್ದರಿಂದ ಅಂಕಗಳ ಹಂಚಿಕೆ ಬದಲಾಗಬೇಕು. ಲೇಔಟ್ ತೋರಿಸುವ ಮೊದಲು, ಸರಕಿನ ಬಗ್ಗೆ ಮತ್ತು ಬಳಸುವವರ ಬಗ್ಗೆ ತಾನೇ ಕಂಡುಕೊಂಡದ್ದನ್ನು ವಿದ್ಯಾರ್ಥಿ ಒಂದು ಪುಟದಲ್ಲಿ ಬರೆದು ಒಪ್ಪಿಸಲಿ. ಅದರಿಂದ ಹೇಳಬೇಕಾದ ಒಂದು ಮಾತು ಹೇಗೆ ಹುಟ್ಟಿತೆಂದು ಬಾಯಿಬಿಟ್ಟು ವಾದಿಸಲಿ. ಪೆನ್ಸಿಲಿನ ರಫ್ಫಿನಲ್ಲೇ ಆ ಮಾತು ನಿಲ್ಲುತ್ತದೆಯೇ ಎಂದು ಮೇಷ್ಟ್ರು ನೋಡಲಿ. ಅರ್ಧಕ್ಕಿಂತ ಹೆಚ್ಚು ಅಂಕ ಅಲ್ಲಿಗೇ ಮೀಸಲಾಗಲಿ. ಕಂಪ್ಯೂಟರ್ ತೆರೆಯುವುದು ಅದಾದ ಮೇಲೆ.