ಕನ್ನಡಿ ಮೇಲೆದ್ದ ಗಳಿಗೆ

ಆಟದ ಬಯಲಿನ ಅಂಚಿನಲ್ಲಿ ಮಂಡಿಯೂರಿ ಕುಳಿತ ಛಾಯಾಗ್ರಾಹಕನನ್ನು ನೀವು ಕಂಡಿರಬಹುದು. ಮಾರನೆಯ ದಿನದ ಪತ್ರಿಕೆಯಲ್ಲಿ ಅವನ ಚಿತ್ರವನ್ನು ನೋಡಿ ನಾವೆಲ್ಲರೂ ತಲೆದೂಗುತ್ತೇವೆ. ಆದರೆ ಆ ಚಿತ್ರದಲ್ಲಿ ನಿಂತಿರುವ ಗಳಿಗೆಯನ್ನು ಮಾತ್ರ ಅವನು ಕಣ್ಣಾರೆ ಕಂಡವನಲ್ಲ. ಅವನ ಕೈಯಲ್ಲಿರುವುದು ಎಸ್.ಎಲ್.ಆರ್. ಜಾತಿಯ ಕ್ಯಾಮೆರಾ ಆಗಿದ್ದರೆ ಇದು ಉತ್ಪ್ರೇಕ್ಷೆಯ ಮಾತಲ್ಲ. ಯಂತ್ರದ ರಚನೆಯಿಂದಲೇ ಒದಗಿದ ಸಂಗತಿ. ಮಸೂರದ ಹಿಂದೆ ಓರೆಯಾಗಿ ನಿಂತ ಪುಟ್ಟ ಕನ್ನಡಿಯೊಂದು ಬೆಳಕನ್ನು ಮೇಲಕ್ಕೆ ತಿರುಗಿಸಿ ಅವನ ಕಣ್ಣಿಗೆ ಮುಟ್ಟಿಸುತ್ತದೆ. ಗುಂಡಿಯನ್ನೊತ್ತಿದೊಡನೆ ಕನ್ನಡಿ ಮೇಲಕ್ಕೇಳುತ್ತದೆ. ಬೆಳಕು ನೇರವಾಗಿ ಹಿಂದಕ್ಕೆ ಸಾಗಿ ಚಿತ್ರವಾಗುತ್ತದೆ. ಕಣ್ಣಿನ ಮುಂದೆ ಕತ್ತಲೆ. ಕಂಡದ್ದು ಚಿತ್ರವಾಗದು, ಚಿತ್ರವಾದದ್ದು ಕಾಣದು.

ಈ ಕತ್ತಲೆಯನ್ನು ಕಿರಿದುಗೊಳಿಸುವ, ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವಣ ಬಿಡುವನ್ನು ಕುಗ್ಗಿಸುವ ಹಟವೇ ವೃತ್ತಿಪರ ಕ್ಯಾಮೆರಾಗಳ ಚರಿತ್ರೆಯ ಬಹುಭಾಗ. ಫಿಲ್ಮಿನ ಕಾಲದಲ್ಲಿಯೇ, ೧೯೮೪ರಲ್ಲಿ, ಕ್ಯಾನನ್ ಸಂಸ್ಥೆ ಸೆಕೆಂಡಿಗೆ ೧೪ ಚಿತ್ರ ತೆಗೆಯುವ ಯಂತ್ರವನ್ನು ಕಟ್ಟಿತ್ತು. ಅದರ ಕನ್ನಡಿ ಏಳುತ್ತಲೇ ಇರಲಿಲ್ಲ. ಅರೆಪಾರದರ್ಶಕವಾಗಿ ನಿಂತಲ್ಲಿಯೇ ನಿಂತು ಬೆಳಕನ್ನು ಹಂಚಿಕೊಡುತ್ತಿತ್ತು. ಆದರೇನು, ೩೬ ಚಿತ್ರಗಳ ಸುರುಳಿ ಮೂರು ಸೆಕೆಂಡು ತುಂಬುವ ಮೊದಲೇ ಬರಿದಾಗುತ್ತಿತ್ತು.

ಫಿಲ್ಮು ಹೋಗಿ ಡಿಜಿಟಲ್ ಬಂದರೆ ಈ ತೊಡಕು ತೀರೀತೆಂದು ಯಾರಾದರೂ ಭಾವಿಸಿದ್ದರೆ ಅವರು ನಿರಾಶರಾಗಿರಬೇಕು. ೧೯೯೧ರಲ್ಲಿ ಕೊಡಕ್ ಸಂಸ್ಥೆ ನಿಕಾನ್ ಎಫ್೩ ಕ್ಯಾಮೆರಾದ ಒಡಲಿಗೆ ೧೩ ಲಕ್ಷ ಬಿಂದುಗಳ ಸಂವೇದಕವನ್ನು ಜೋಡಿಸಿ ಮಾರುಕಟ್ಟೆಗೆ ತಂದಿತು. ಚಿತ್ರಗಳನ್ನಿಡಲು ಹೆಗಲಿಗೆ ಬೇರೊಂದು ಪೆಟ್ಟಿಗೆಯನ್ನೇ ತೂಗುಹಾಕಿಕೊಳ್ಳಬೇಕು; ಅದರೊಳಗಿದ್ದ ಡಿಸ್ಕು ೨೦೦ ಮೆಗಾಬೈಟಿನದು. ಇಂದು ಶಾಲೆಯ ಹುಡುಗನ ಕಿಸೆಯಲ್ಲಿರುವ ಫೋನು ಇದನ್ನು ಕೇಳಿ ನಕ್ಕೀತು.

ತೊಡಕು ಎಲ್ಲಿದೆಯೆಂಬುದನ್ನು ನಮ್ಮ ರೈತನು ಸುಲಭವಾಗಿ ಬಲ್ಲನು. ಹೊಲದಿಂದ ಗಾಡಿಗಟ್ಟಲೆ ತೆನೆ ಬಂದು ಕಣದಲ್ಲಿ ಬೀಳುತ್ತದೆ. ಅದನ್ನು ಬಡಿದು, ತೂರಿ, ಕಣಜಕ್ಕೆ ಸಾಗಿಸುವ ಕೆಲಸ ನಿಧಾನದ್ದು. ಕಣ ತುಂಬಿದರೆ ಗಾಡಿ ಹೊರಗೇ ನಿಲ್ಲಬೇಕು. ಸಂವೇದಕ ಹೊಲ, ಕಾರ್ಡು ಕಣಜ. ನಡುವಣ ಕಣಕ್ಕೆ ಬಫರ್ ಎಂದು ಹೆಸರು. ೧೯೯೯ರ ನಿಕಾನ್ ಡಿ೧ ಸೆಕೆಂಡಿಗೆ ನಾಲ್ಕೂವರೆಯಂತೆ ೨೧ ಚಿತ್ರ ತೆಗೆದು ಕಣ ತುಂಬಿತೆಂದು ಕೈಕಟ್ಟಿ ನಿಲ್ಲುತ್ತಿತ್ತು. ಐದು ಸೆಕೆಂಡೂ ಆಗಲಿಲ್ಲವಷ್ಟೆ! ಓಟಗಾರ ಅಂತಿಮ ರೇಖೆಯನ್ನು ಮುಟ್ಟುವುದು ಆರನೆಯ ಸೆಕೆಂಡಿನಲ್ಲಾದರೆ, ಅವನನ್ನು ಹಿಡಿಯಲೆಂದೇ ದೂರದೇಶದಿಂದ ಬಂದವನ ಪಾಡೇನು? ಆಟಗಾರನಿಗೆ ಮುಂದಿನ ಪಂದ್ಯವುಂಟು, ಆ ಚಿತ್ರಕ್ಕೆ ಇಲ್ಲ.

ಬಡಿದು ತೂರುವ ಕೆಲಸ ಸಾಮಾನ್ಯವಾದುದಲ್ಲ. ಸಂವೇದಕದ ಒಂದೊಂದು ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಬಲ್ಲದು. ಕೊಡಕ್ಕಿನ ಬ್ರೈಸ್ ಬೇಯರ್ ೧೯೭೬ರಲ್ಲಿ ಪೇಟೆಂಟ್ ಪಡೆದ ಈ ವಿನ್ಯಾಸದಲ್ಲಿ ಉಳಿದೆರಡು ಬಣ್ಣಗಳನ್ನು ನೆರೆಹೊರೆಯ ಬಿಂದುಗಳಿಂದ ಊಹಿಸಬೇಕು. ನಾವು ನಂಬುವ ವರ್ಣಚಿತ್ರದ ಮೂರರಲ್ಲಿ ಎರಡು ಪಾಲು ಊಹೆಯೆಂದರೆ ಹಲವರಿಗೆ ಆಶ್ಚರ್ಯವಾದೀತು.

ಆಮೇಲೆ ತೂರುವಿಕೆ. ಇಲ್ಲಿ ನಾವು ಹೆಮ್ಮೆಪಡಬೇಕಾದ ಹೆಸರೊಂದುಂಟು. ೧೯೪೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿಯೇ ಎಂಜಿನಿಯರಿಂಗ್ ಓದಿ, ಅಮೆರಿಕದಲ್ಲಿ ಪ್ರಾಧ್ಯಾಪಕರಾದ ನಾಸಿರ್ ಅಹಮದರು, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ ೧೯೭೪ರಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತವಿಧಾನವನ್ನು ಪ್ರಕಟಿಸಿದರು. ಚಿತ್ರವನ್ನು ಎಂಟು ಬಿಂದು ಉದ್ದ, ಎಂಟು ಬಿಂದು ಅಗಲದ ಚೌಕಗಳಾಗಿ ಕತ್ತರಿಸಿ, ಪ್ರತಿಯೊಂದರಲ್ಲಿಯೂ ಬೆಳಕಿನ ದೊಡ್ಡ ಏರಿಳಿತಗಳನ್ನೂ ಸಣ್ಣ ತೆರೆಗಳನ್ನೂ ಬೇರ್ಪಡಿಸಿದರೆ, ಕಣ್ಣು ಗುರುತಿಸಲಾರದ ತೆರೆಗಳನ್ನು ಹೊಟ್ಟಿನಂತೆ ತೂರಿಬಿಡಬಹುದು. ೧೯೯೨ರ ಜೆಪೆಗ್ ಪದ್ಧತಿಯ ಹೃದಯ ಇದೇ. ಈ ಸಂಶೋಧನೆಗಾಗಿ ಅಹಮದರು ೧೯೭೨ರಲ್ಲಿ ಸರ್ಕಾರಿ ವಿಜ್ಞಾನ ನಿಧಿಯಿಂದ ನೆರವು ಕೇಳಿದಾಗ, ಪರಿಶೀಲಕರಲ್ಲೊಬ್ಬರಿಗೆ ಅದು ತೀರ ಸರಳವಾಗಿ ತೋರಿ, ನೆರವು ದೊರೆಯಲಿಲ್ಲವಂತೆ!

ಯಂತ್ರಗಳು ಬಲಿತವು. ೨೦೧೬ರ ಕ್ಯಾನನ್ ೧ಡಿ ಎಕ್ಸ್ ಮಾರ್ಕ್ ೨ ಎರಡು ಕೋಟಿ ಬಿಂದುಗಳ ಚಿತ್ರವನ್ನು ಸೆಕೆಂಡಿಗೆ ೧೪ರಂತೆ ತೆಗೆಯಿತು. ಬಿಂದುವೊಂದಕ್ಕೆ ೧೪ ಬಿಟ್ಟೆಂದು ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು ೪೦೦ ಕೋಟಿ ಬಿಟ್ಟುಗಳಾದುವು. ಕನ್ನಡಿ ಅಷ್ಟೇ ಸಲ ಎದ್ದು ಬೀಳುತ್ತ, ಪ್ರತಿ ಸಲವೂ ಅಲುಗಾಡದೆ ನಿಲ್ಲಬೇಕು. ನನಗೆ ಗಣಿತಕ್ಕಿಂತಲೂ ಈ ಕನ್ನಡಿಯ ದುಡಿಮೆಯೇ ದೊಡ್ಡದಾಗಿ ಕಾಣುತ್ತದೆ.

ಇಷ್ಟಾದರೂ ಹಿಡಿದದ್ದೆಷ್ಟು? ಚಿತ್ರವೊಂದಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಬೆಳಕು ಬಿಟ್ಟರೆ, ೧೪ ಚಿತ್ರಗಳಿಗೆ ಸಾವಿರದಲ್ಲಿ ೧೪ ಭಾಗ. ಉಳಿದ ೯೮೬ ಭಾಗ ಕೈತಪ್ಪಿತು. ಗಂಟೆಗೆ ೧೪೦ ಕಿಲೋಮೀಟರ್ ವೇಗದ ಕ್ರಿಕೆಟ್ ಚೆಂಡು ಎರಡು ಚಿತ್ರಗಳ ನಡುವೆ ಎರಡೂಮುಕ್ಕಾಲು ಮೀಟರ್ ಓಡಿರುತ್ತದೆ. ಒಂದರಲ್ಲಿ ಚೆಂಡು ಇನ್ನೂ ಬರುತ್ತಿದೆ, ಮುಂದಿನದರಲ್ಲಿ ಬೇಲ್ಸು ಗಾಳಿಯಲ್ಲಿದೆ. ಆದಕಾರಣ ಬೌಲರನ ಭುಜವನ್ನು ನೋಡಿ ಮುಂದಾಗುವುದನ್ನು ಊಹಿಸಬಲ್ಲವನ ಒಂದು ಚಿತ್ರ, ಗುಂಡಿಯನ್ನೊತ್ತಿ ಹಿಡಿದವನ ನೂರು ಚಿತ್ರಗಳನ್ನು ಇಂದಿಗೂ ಸೋಲಿಸುವುದುಂಟು. ಆ ನೂರನ್ನು ರಾತ್ರಿ ಕುಳಿತು ಆರಿಸಬೇಕಾದ ಸಂಪಾದಕನ ಕಷ್ಟ ಬೇರೆ.

೨೦೨೦ರ ಕ್ಯಾನನ್ ೧ಡಿ ಎಕ್ಸ್ ಮಾರ್ಕ್ ೩ ಕನ್ನಡಿಯೊಡನೆ ಸೆಕೆಂಡಿಗೆ ೧೬ನ್ನು ಮುಟ್ಟಿತು. ಕಣ ತುಂಬುವ ಭಯವೂ ಬಹುಮಟ್ಟಿಗೆ ತೀರಿತು. ತೀರಿದ ಹೊತ್ತಿಗೆ ಕನ್ನಡಿಯ ಆಯುಸ್ಸೂ ತೀರಿತ್ತು. ತಮ್ಮ ಅಗ್ರಶ್ರೇಣಿಯ ಎಸ್.ಎಲ್.ಆರ್.ಗಳಲ್ಲಿ ಅದೇ ಕೊನೆಯದೆಂದು ೨೦೨೧ರ ಕೊನೆಯಲ್ಲಿ ಸಂಸ್ಥೆಯ ಮುಖ್ಯಸ್ಥರೇ ಹೇಳಿದರು. ಅದೇ ವರ್ಷ ಬಂದ ನಿಕಾನ್ ಜೆಡ್೯ರಲ್ಲಿ ಕನ್ನಡಿಯೂ ಇಲ್ಲ, ಯಾಂತ್ರಿಕ ಷಟರೂ ಇಲ್ಲ. ಮರುವರ್ಷ ಅದಕ್ಕೆ ಇನ್ನೊಂದು ವಿದ್ಯೆ ಬಂದಿತು: ಗುಂಡಿಯನ್ನು ಅರೆ ಒತ್ತಿ ಹಿಡಿದಿದ್ದರೆ, ಪೂರ್ತಿ ಒತ್ತುವುದಕ್ಕೆ ಮುಂಚಿನ ಒಂದು ಸೆಕೆಂಡಿನ ಚಿತ್ರಗಳನ್ನೂ ಉಳಿಸಿಕೊಡುತ್ತದೆ. ತಡವಾಗಿ ಒತ್ತಿದ ಬೆರಳಿಗೂ ಈಗ ಕ್ಷಮೆಯುಂಟು. ಯಂತ್ರವು ಸದ್ದೇ ಮಾಡುವುದಿಲ್ಲವಾದ್ದರಿಂದ, ಬೇಕೆಂದವರಿಗಾಗಿ ಹಳೆಯ ಷಟರಿನ ಸದ್ದನ್ನು ಒಳಗಿನ ಪುಟ್ಟ ಸ್ಪೀಕರಿನಿಂದ ಹೊರಡಿಸುವ ಏರ್ಪಾಡನ್ನೂ ಇಟ್ಟಿದ್ದಾರೆ.