ಹಳೆಯ ಪೆಡಲ್, ಹೊಸ ಪೆಡಲ್: ನಮ್ಮ ಹಾಡಿಗೆ ಬೇಕಾದದ್ದು ಯಾವುದು?

ಹಬ್ಬದ ಬಲಿಪೂಜೆ ಮುಗಿದಿತ್ತು. ಗಾನವೃಂದದವರು ವೈರು ಸುತ್ತುತ್ತಿದ್ದಾಗ ಅಜ್ಜಿಯೊಬ್ಬರು ಹತ್ತಿರ ಬಂದು, "ಬಾರ್ಸೋದು ಭಾಳ ಚಲೋ ಆಯ್ತು ತಮ್ಮಾ. ಆದ್ರ ಹಾಡಿನ ಮಾತು ಒಂದೂ ತಿಳೀಲಿಲ್ಲ. ನಾ ಸುಮ್ಮ ಕುಂತೆ" ಎಂದರು. ಅದೇ ವಾರ ನಮ್ಮ ಬೇಸ್ ಗಿಟಾರಿನ ಹುಡುಗ ಒಂದು ಬೇಡಿಕೆ ಇಟ್ಟಿದ್ದ. "ನಮ್ಮ ಪೆಡಲ್ ಹಳೇದಾಯ್ತು, ಹೊಸದು ಕೊಡಿಸ್ರಿ."

ಗಾನವೃಂದದ ಹೊಣೆ ಹೊತ್ತ ನಮಗೆ ಇವೆರಡೂ ಬೇರೆ ಬೇರೆ ಮಾತು ಎನಿಸಿತ್ತು. ಆಮೇಲೆ ತಿಳಿಯಿತು, ಎರಡೂ ಒಂದೇ ಎಂದು.

ಪೆಟ್ಟಿಗೆಯಲ್ಲಿದ್ದ ಹಣ ಕ್ರಿಸ್ತಜಯಂತಿಯ ಕ್ಯಾರಲ್‌ಗೆ ಮನೆ ಮನೆ ತಿರುಗಿ ಕೂಡಿಸಿದ್ದು. ಸೋಯಾಬೀನ್ ರಾಶಿಗೆ ಕೂಲಿ ಹೋಗುವವರೂ ಅದರಲ್ಲಿ ಹತ್ತು, ಇಪ್ಪತ್ತು ಹಾಕಿದ್ದಾರೆ. ಆ ಹಣವನ್ನು ಹೇಗೆ ಖರ್ಚು ಮಾಡಿದಿರಿ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿರಬೇಕು. ಆದ್ದರಿಂದ ಕೊಳ್ಳುವ ಮೊದಲು ಎರಡನ್ನೂ ಇಟ್ಟು ನೋಡೋಣ ಎಂದು ತೀರ್ಮಾನಿಸಿದೆವು. ಬೇರೆ ಧರ್ಮಕೇಂದ್ರಗಳ ಗಾನವೃಂದಗಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಪೆಡಲ್ ಎಂದರೇನು?

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ದಪ್ಪ ತಂತಿಗಳು. ಅದರ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 41 ಕಂಪನಗಳದ್ದು. ಮಾಮೂಲಿ ಗಿಟಾರಿನದು 82. ಹಾಡಿನ ರಾಗವನ್ನು ನುಡಿಸುವುದು ಇದರ ಕೆಲಸವಲ್ಲ. ಮನೆಗೆ ಬುನಾದಿ ಇದ್ದಂತೆ ಕೆಳಗೆ ನಿಂತು ಸ್ವರವನ್ನೂ ತಾಳವನ್ನೂ ಹಿಡಿದಿಡುವುದೇ ಅದರ ಕೆಲಸ. ಮೊದಲ ಹೆಸರಾಂತ ವಿದ್ಯುತ್ ಬೇಸ್ ಗಿಟಾರನ್ನು ಅಮೆರಿಕದ ಲಿಯೊ ಫೆಂಡರ್ ಮಾರುಕಟ್ಟೆಗೆ ತಂದದ್ದು 1951ರಲ್ಲಿ.

ಗಿಟಾರ್ ಮತ್ತು ಮೈಕ್ ಸೆಟ್ಟಿನ ಮಧ್ಯೆ, ಕಾಲಿನ ಹತ್ತಿರ ಇಡುವ ಪುಟ್ಟ ಪೆಟ್ಟಿಗೆಯೇ ಮಲ್ಟಿ ಎಫೆಕ್ಟ್ಸ್ ಪೆಡಲ್. ಜೋರು, ಮೆಲ್ಲ ಎನ್ನದೆ ಎಲ್ಲ ಸ್ವರಗಳನ್ನೂ ಒಂದೇ ಮಟ್ಟಕ್ಕೆ ತರುವ ಕಂಪ್ರೆಸರ್, ಪ್ರತಿಧ್ವನಿ ಕೊಡುವ ರಿವರ್ಬ್, ದನಿಯನ್ನು ಒರಟು ಮಾಡುವ ಓವರ್‌ಡ್ರೈವ್, ಶ್ರುತಿ ತೋರಿಸುವ ಟ್ಯೂನರ್, ಎಲ್ಲವೂ ಅದೊಂದರಲ್ಲೇ.

ಎರಡು ಪೆಟ್ಟಿಗೆಗಳು

ನಮ್ಮ ಹಳೆಯ ಪೆಡಲ್ ಜಪಾನಿನ ಝೂಮ್ ಕಂಪನಿಯ ಬಿ1ಆನ್. 2014ರ ಹೊತ್ತಿಗೆ ಬಂದದ್ದು. ಹುಡುಗ ಕೇಳಿದ್ದು ಅದರ ನಂತರದ ಬಿ1 ಫೋರ್. ಅದು 2019ರ ಹೊತ್ತಿಗೆ ಅಂಗಡಿಗೆ ಬಂತು. ಈಗ ಅದರ ಮೇಲೆ ಬಿ2 ಫೋರ್, ಬಿ6 ಕೂಡ ಬಂದಿವೆ. ಹೊಸದು ಎಂಬ ಓಟಕ್ಕೆ ಕೊನೆ ಇಲ್ಲ ಎಂಬುದನ್ನು ಇಲ್ಲೇ ಗಮನಿಸಬೇಕು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಊರಿನ ಹುಡುಗನೊಬ್ಬ ರಜೆಗೆ ಬಂದಾಗ ಬಿ1 ಫೋರ್ ತಂದಿದ್ದ. ಎರಡು ಭಾನುವಾರ ಅದನ್ನು ನಮ್ಮ ಕೈಗೆ ಕೊಟ್ಟ.

ಮೊದಲು ಎರಡರಲ್ಲೂ ಒಂದೇ ಇರುವುದನ್ನು ಹೇಳೋಣ. ಒಮ್ಮೆಗೆ ಐದು ಎಫೆಕ್ಟ್ ಜೋಡಿಸಬಹುದು. ಟ್ಯೂನರ್ ಇದೆ. ನುಡಿಸಿದ್ದನ್ನು ಮತ್ತೆ ಮತ್ತೆ ಕೇಳಿಸುವ 30 ಸೆಕೆಂಡಿನ ಲೂಪರ್, ಅಭ್ಯಾಸಕ್ಕೆ 68 ತಾಳದ ನಮೂನೆಗಳು ಇವೆ. ಎರಡೂ ನಾಲ್ಕು ಪೆನ್ಸಿಲ್ ಸೆಲ್ಲಿನಿಂದ ನಡೆಯುತ್ತವೆ. ನಮ್ಮ ಭಾಗಕ್ಕೆ ಇದು ಸಣ್ಣ ಮಾತಲ್ಲ. ಅಕ್ಟೋಬರಿನಲ್ಲಿ ಶಿರೂರ ಅನಂತಪಾಳದ ಒಂದು ಮನೆಯಂಗಳದಲ್ಲಿ ಜಪಮಾಲೆ ಕೂಟ ನಡೆದಾಗ ಕರೆಂಟು ಹೋಯಿತು. ಬ್ಯಾಟರಿಯ ಸ್ಪೀಕರ್ ಮತ್ತು ಪೆಡಲ್ ಎರಡೂ ನಡೆಯುತ್ತಲೇ ಇದ್ದವು. ಕನ್ನಡದ ಒಂದು ಹಾಡು, ಮರಾಠಿಯ ಒಂದು ಹಾಡು ಕತ್ತಲಲ್ಲೇ ಪೂರ್ಣಗೊಂಡವು.

ಇನ್ನು ವ್ಯತ್ಯಾಸ. ಹಳೆಯದರಲ್ಲಿ 100 ಎಫೆಕ್ಟ್, ನಾವು ಹೊಂದಿಸಿದ ದನಿಗಳನ್ನು ಉಳಿಸಿಡಲು 100 ಜಾಗ. ಹೊಸದರಲ್ಲಿ 60ಕ್ಕೂ ಹೆಚ್ಚು ಎಫೆಕ್ಟ್, 9 ಆಂಪ್ಲಿಫೈಯರ್ ಮಾದರಿ, ಉಳಿಸಿಡಲು 50 ಜಾಗ. ಹೊಸದರಲ್ಲಿ ಲೆಕ್ಕ ಕಡಿಮೆಯಾಗಿರುವುದನ್ನು ಕಂಡು ನಮ್ಮ ಹುಡುಗನಿಗೇ ಆಶ್ಚರ್ಯವಾಯಿತು. ಆದರೆ ಅದನ್ನು ಕಂಪ್ಯೂಟರಿಗೆ ಜೋಡಿಸಿ, ಕಂಪನಿಯ 'ಗಿಟಾರ್ ಲ್ಯಾಬ್' ತಂತ್ರಾಂಶದಿಂದ ಬೇರೆ ಎಫೆಕ್ಟುಗಳನ್ನು ಇಳಿಸಿಕೊಳ್ಳಬಹುದು, ದನಿಗಳನ್ನು ಪರದೆಯ ಮೇಲೆ ನೋಡುತ್ತ ಹೊಂದಿಸಬಹುದು. ಇದು ನಿಜವಾದ ಅನುಕೂಲ. ಒಂದೊಂದು ಎಫೆಕ್ಟನ್ನು ಕಾಲಿನಿಂದಲೇ ಬೇರೆ ಬೇರೆ ಹಾಕುವುದು, ತೆಗೆಯುವುದು ಕೂಡ ಹೊಸದರಲ್ಲಿ ಸಲೀಸು. ಸೆಲ್ 18 ಗಂಟೆಯವರೆಗೆ ಬರುತ್ತದೆ ಎಂದು ಕಂಪನಿ ಹೇಳುತ್ತದೆ.

ಒಂದು ಕೊರತೆ ಎರಡರಲ್ಲೂ ಇದೆ. ಮೈಕಿನ ಮೂರು ಪಿನ್ನಿನ ವೈರನ್ನು ನೇರ ಚುಚ್ಚುವ ಜಾಗ ಇಲ್ಲ. ದೂರದ ಮಿಕ್ಸರಿಗೆ ಸಾದಾ ವೈರು ಎಳೆದರೆ ಗುಂಯ್ ಎಂಬ ಸದ್ದು ಸೇರಿಕೊಳ್ಳುತ್ತದೆ. ಅದಕ್ಕೆ ಮಧ್ಯೆ ಡಿ.ಐ. ಬಾಕ್ಸ್ ಎಂಬ ಚಿಕ್ಕ ಡಬ್ಬಿ ಬೇಕು. ನಮ್ಮಲ್ಲಿ ಅದು ಇರಲಿಲ್ಲ.

ಬೆನ್ನು ತಿರುಗಿಸಿ ಕೇಳಿದಾಗ

ಬಲಿಪೂಜೆಯ ನಂತರ ಏಳೆಂಟು ಜನರನ್ನು ಬೆಂಚಿನಲ್ಲಿ ಬೆನ್ನು ಮಾಡಿ ಕೂರಿಸಿದೆವು. ಅಜ್ಜಿಯೂ ಇದ್ದರು. ಒಂದೇ ಹಾಡನ್ನು ಎರಡು ಪೆಡಲಿನಲ್ಲೂ ನುಡಿಸಿದೆವು. ಪೆಟ್ಟಿಗೆಯಲ್ಲೇ ತಯಾರಾಗಿ ಬಂದಿದ್ದ ದನಿಗಳಲ್ಲಿ ಎರಡೂ ಕೆಟ್ಟವು. ಹಾಡಿನ ಮಾತು ಮುಳುಗಿತು. ಆಗ ನಮ್ಮ ಹುಡುಗ ಹಳೆಯ ಪೆಡಲಿನಲ್ಲಿ ರಿವರ್ಬ್ ತೆಗೆದ, ಓವರ್‌ಡ್ರೈವ್ ತೆಗೆದ, ಕಂಪ್ರೆಸರ್ ಮಾತ್ರ ಹಗುರವಾಗಿ ಇಟ್ಟ, ಬೇಸ್ ಗುಂಡಿಯನ್ನು ಸ್ವಲ್ಪ ಇಳಿಸಿದ. ಹೊಸದರಲ್ಲೂ ಹಾಗೆಯೇ ಮಾಡಿದ. ಈ ಸಲ ಎರಡರಲ್ಲೂ ಮಾತು ಕೇಳಿಸಿತು. ಯಾವುದು ಹಳೆಯದು, ಯಾವುದು ಹೊಸದು ಎಂದು ಬೆಂಚಿನಲ್ಲಿದ್ದ ಯಾರೂ ಹೇಳಲಾರದೆ ಹೋದರು.

ಇದಕ್ಕೆ ಕಾರಣ ಇದೆ. ಸಿಮೆಂಟಿನ ಗೋಡೆ, ತಗಡಿನ ಮಾಡು ಇರುವ ನಮ್ಮ ದೇವಾಲಯಗಳಲ್ಲಿ ಪ್ರತಿಧ್ವನಿ ಮೊದಲೇ ಧಾರಾಳ. ಅದರ ಮೇಲೆ ಪೆಡಲಿನ ರಿವರ್ಬ್ ಹಾಕಿದರೆ ಒಂದು ಸ್ವರ ಅಡಗುವ ಮೊದಲೇ ಇನ್ನೊಂದು ಬಂದು ರಾಡಿಯಾಗುತ್ತದೆ. ಸಣ್ಣ ಸ್ಪೀಕರುಗಳಿಗೆ 41 ಕಂಪನದ ಸ್ವರವನ್ನು ಸರಿಯಾಗಿ ಹೊರಡಿಸುವ ಶಕ್ತಿ ಇರುವುದಿಲ್ಲ. ಬೇಸ್ ಗುಂಡಿ ಏರಿಸಿದಷ್ಟೂ ಅವು ಒದರುತ್ತವೆ. ಇನ್ನು ಓವರ್‌ಡ್ರೈವ್ ಮೇಲಿನ ಕಂಪನಗಳನ್ನು ಹುಟ್ಟಿಸುತ್ತದೆ. ಕ, ತ, ಸ ಮುಂತಾದ ಅಕ್ಷರಗಳ ಸ್ಪಷ್ಟತೆ ಇರುವುದು 2000ದಿಂದ 4000 ಕಂಪನಗಳ ಆಸುಪಾಸಿನಲ್ಲಿ. ಅಲ್ಲಿಗೇ ವಾದ್ಯದ ಸದ್ದು ನುಗ್ಗಿದರೆ ಅಜ್ಜಿಗೆ ಮಾತು ತಿಳಿಯುವುದಾದರೂ ಹೇಗೆ?

ಧರ್ಮಸಭೆ ಏನು ಹೇಳುತ್ತದೆ?

ದೇವಾಲಯದಲ್ಲಿ ಬೇಸ್ ಗಿಟಾರ್ ಏಕೆ ಎನ್ನುವ ಹಿರಿಯರೂ ನಮ್ಮಲ್ಲಿದ್ದಾರೆ. ಇಂದು ನಾವು ನಮ್ಮದೇ ಎಂದುಕೊಂಡಿರುವ ಹಾರ್ಮೋನಿಯಂ ಕೂಡ ಯೂರೋಪಿನಿಂದ ಬಂದದ್ದೇ. ಪ್ಯಾರಿಸ್ಸಿನಲ್ಲಿ ಆ ಹೆಸರಿನ ವಾದ್ಯಕ್ಕೆ ಪೇಟೆಂಟ್ ಸಿಕ್ಕಿದ್ದು 1842ರಲ್ಲಿ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನದ 120ನೆಯ ಕಲಮು ಪೈಪ್ ಆರ್ಗನ್ನಿಗೆ ಹಿರಿಯ ಗೌರವ ಕೊಟ್ಟಿದೆ. ಪವಿತ್ರ ಬಳಕೆಗೆ ಒಗ್ಗುವ, ದೇವಾಲಯದ ಘನತೆಗೆ ತಕ್ಕ, ಭಕ್ತರಿಗೆ ನಿಜವಾಗಿ ಒಳಿತು ಮಾಡುವ ಬೇರೆ ವಾದ್ಯಗಳಿಗೂ ಆಯಾ ಪ್ರದೇಶದ ಧರ್ಮಾಧಿಕಾರಿಗಳ ಒಪ್ಪಿಗೆಯಿಂದ ಬಾಗಿಲು ತೆರೆದಿದೆ.

1967ರ ಮಾರ್ಚ್ 5ರ 'ಮೂಸಿಕಾಂ ಸಾಕ್ರಂ' ಎಂಬ ಸೂಚನಾ ಪತ್ರದ 64ನೆಯ ಕಲಮು ಇನ್ನೂ ನೇರವಾಗಿದೆ. ವಾದ್ಯ ದನಿಗೆ ಆಸರೆಯಾಗಬೇಕು. ಹಾಡಿನ ಮಾತು ತಿಳಿಯದಷ್ಟು ದನಿಯನ್ನು ಮುಚ್ಚಿಬಿಡಬಾರದು ಎಂಬುದು ಅದರ ಸಾರ. ಇದನ್ನು ಓದಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಜ್ಜಿ ಆ ಪತ್ರವನ್ನು ಓದಿದವರಲ್ಲ. ಆದರೂ ಅದರ ಮಾತನ್ನೇ ಹೇಳಿದ್ದರು.

ತಪಸ್ಸುಕಾಲಕ್ಕೆ ಬೇರೆ ನಿಯಮವಿದೆ. ರೋಮನ್ ಪೂಜಾಗ್ರಂಥದ ಸಾಮಾನ್ಯ ಸೂಚನೆಗಳ 313ನೆಯ ಕಲಮಿನ ಪ್ರಕಾರ ಆಗ ವಾದ್ಯಗಳನ್ನು ಹಾಡಿಗೆ ಆಸರೆಯಾಗಿ ಮಾತ್ರ ನುಡಿಸಬೇಕು. ನಾಲ್ಕನೆಯ ಭಾನುವಾರ, ಮಹೋತ್ಸವ ಮತ್ತು ಹಬ್ಬಗಳಿಗೆ ವಿನಾಯಿತಿ ಇದೆ. ಎಂದರೆ ನಲವತ್ತು ದಿನ ಎಷ್ಟೇ ಬೆಲೆಬಾಳುವ ಪೆಡಲ್ ಇದ್ದರೂ ಅದು ತಗ್ಗಿ ನಡೆಯಬೇಕು.

ನಾವು ಮಾಡಿದ್ದು

ಹೊಸ ಪೆಡಲ್ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಏನೂ ಇಲ್ಲದೆ ಶುರು ಮಾಡುವ ಗಾನವೃಂದಕ್ಕೆ, ಕಂಪ್ಯೂಟರ್ ಬಲ್ಲ ಹುಡುಗರಿದ್ದಲ್ಲಿ, ಅದೇ ಒಳ್ಳೆಯದು. ಆದರೆ ನಡೆಯುತ್ತಿರುವ ಹಳೆಯದನ್ನು ಮೂಲೆಗೆ ಎಸೆದು ಅದನ್ನು ತರುವಷ್ಟು ವ್ಯತ್ಯಾಸ ನಮ್ಮ ಜನರ ಕಿವಿಗೆ ಬೀಳಲಿಲ್ಲ. ಫಾದರ್ ಅವರೊಂದಿಗೆ ಮಾತಾಡಿ ಒಂದು ಡಿ.ಐ. ಬಾಕ್ಸ್, ಒಳ್ಳೆಯ ವೈರು, ಬೇಸ್ ಗಿಟಾರಿಗೆ ಹೊಸ ತಂತಿಗಳನ್ನು ಕೊಂಡೆವು. ಉಳಿದ ಹಣದಲ್ಲಿ ಹಾರ್ಮೋನಿಯಂ ರಿಪೇರಿ ಆಯಿತು. ಅದನ್ನು ಈಗ ಪ್ರಾರ್ಥನಾ ಕೂಟಗಳಿಗೆ ಒಯ್ಯುತ್ತೇವೆ.

ಹುಡುಗ ಮೊದಲ ವಾರ ಮುಖ ಸಪ್ಪೆ ಮಾಡಿಕೊಂಡಿದ್ದ. ಅವನದು ದುರಾಸೆಯಲ್ಲ, ಇನ್ನೂ ಚೆನ್ನಾಗಿ ನುಡಿಸಬೇಕೆಂಬ ಹಂಬಲ, ಅದನ್ನು ಹೀಗಳೆಯಬಾರದು. ಆದ್ದರಿಂದ ದನಿ ಹೊಂದಿಸುವ ಹೊಣೆಯನ್ನೇ ಅವನಿಗೆ ಒಪ್ಪಿಸಿದೆವು. ಈಗ ಬಲಿಪೂಜೆಗೆ ಮೊದಲು ಅವನೇ ಕೊನೆಯ ಬೆಂಚಿಗೆ ಹೋಗಿ ನಿಂತು, ಮಾತು ಕೇಳಿಸುತ್ತದೆಯೇ ಎಂದು ನೋಡಿ ಬರುತ್ತಾನೆ. ತಪಸ್ಸುಕಾಲದ ಮೊದಲ ಭಾನುವಾರ ಅಜ್ಜಿ ನಮಗೆ ಏನೂ ಹೇಳಲಿಲ್ಲ. ಅವರು ಹಾಡುತ್ತಿದ್ದರು.

ಪ್ರಿಯ ಓದುಗರೇ, 150ನೆಯ ಕೀರ್ತನೆ ತುತೂರಿ, ತಂತಿವಾದ್ಯ, ಕೊಳಲು, ತಾಳ ಎಲ್ಲವನ್ನೂ ದೇವರ ಸ್ತುತಿಗೆ ಕರೆಯುತ್ತದೆ. ಕೊನೆಗೆ ಕರೆಯುವುದು ಉಸಿರಿರುವ ಎಲ್ಲರನ್ನೂ. ನಿಮ್ಮ ಗಾನವೃಂದದವರು ಹೊಸದೊಂದನ್ನು ಕೊಳ್ಳಲು ಹೊರಟಾಗ ಬೇಡ ಎನ್ನುವ ಮೊದಲು, ಹೂಂ ಎನ್ನುವ ಮೊದಲು, ಒಂದು ಪ್ರಶ್ನೆ ಕೇಳಿ: ಇದರಿಂದ ಕೊನೆಯ ಬೆಂಚಿನವರು ಹಾಡುತ್ತಾರೆಯೇ?